ಗಾಲಿ ನಿಂತ ಮೇಲೆ ಗೇಜು

ಅವರ ಪ್ರಶ್ನೆಗಳೆಲ್ಲ ಅಂಗಿಯ ಜೇಬಿಗೆ ಹಿಡಿಸುವ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಇರುತ್ತಿದ್ದವು. ಸಾಹೇಬರಿಗೂ ‘ಯು’, ಸಿಪಾಯಿಗೂ ‘ಯು’ ಅಂದರೆ ಸಾಹೇಬರು ಸಿಟ್ಟಾಗುವುದಿಲ್ಲವೇ? ಹೊತ್ತು ಮುಳುಗಿದ ಮೇಲೆ ಭೆಟ್ಟಿಯಾದವರಿಗೆ ‘ಗುಡ್ ನೈಟ್’ ಅಂದರೆ ತಪ್ಪೇನು? ‘ನೈಫ್’ ಬರೆಯುವಾಗ ಮೊದಲಿಗೆ ನಿಂತ ಕೆ ಬಾಯಿಯನ್ನೇ ತೆರೆಯುವುದಿಲ್ಲವಾದರೆ ಅದಕ್ಕೆ ಅಲ್ಲಿ ಕೆಲಸವೇನು? ‘ಡಿಡ್’ ಬಂದ ಕೂಡಲೇ ‘ವೆಂಟ್’ ಹೋಗಿ ‘ಗೋ’ ಯಾಕಾಗುತ್ತದೆ? ಹಾಳೆಯ ಅಂಚಿನಲ್ಲಿ ಗ್ರೀಸು ಮೆತ್ತಿದ ಹೆಬ್ಬೆರಳಿನ ಗುರುತಿರುತ್ತಿತ್ತು. ಇಷ್ಟು ನನಗೆ ಖಾತ್ರಿ. ಮುಂದಿನದನ್ನು ಆ ಕಾಲದ ನನ್ನ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಎರಡು ಕಡೆ ಅದಕ್ಕೂ ನನ್ನ ನೆನಪಿಗೂ ಜಗಳವಿದೆ.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ನೌಕರಿಗೆ ಅರ್ಜಿ ಹಾಕುತ್ತ, ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಕಾಲೇಜು ಹುಡುಗಿಯರು. ಅವರೆಲ್ಲ ಹೋದ ಮೇಲೆ ನೋಟ್‌ಬುಕ್ಕಿನ ಈ ಗೃಹಸ್ಥರು ಬೆಂಗೇರಿಯಿಂದ ಮೊಪೆಡ್ ಮೇಲೆ ಬರುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ, ಸವೆದ ಗಾಲಿಗಳನ್ನು ಲೇಥ್ ಮೇಲೇರಿಸಿ ತಿರುಗಿಸುತ್ತ ಹೆರೆದು ಮತ್ತೆ ಹದಕ್ಕೆ ತರುವುದು ಅವರ ಕೆಲಸ. ನನ್ನ ಎರಡು ಪಟ್ಟು ವಯಸ್ಸು. ಆದರೂ ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದರು.

ಅವರಿಗೆ ಬೇಕಾದದ್ದು ಸೂಪರ್‌ವೈಸರ್ ಹುದ್ದೆ. ಬರೆಯುವ ಪರೀಕ್ಷೆ ಅವರಿಗೆ ಕಷ್ಟವಾಗಿರಲಿಲ್ಲ. ಬಾಯಿ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ನಪಾಸಾಗಿದ್ದರು. ಪ್ರಶ್ನೆ ಕೇಳುವ ಅಧಿಕಾರಿಗಳು ಹೊರಗಿನವರು. ಕನ್ನಡ ಬಾರದು, ಹಿಂದಿ ಇವರಿಗೂ ಅವರಿಗೂ ಅಷ್ಟಕ್ಕಷ್ಟೇ. ಉಳಿದದ್ದು ಇಂಗ್ಲಿಷು. ಮೂರನೆಯ ಸಲದ್ದೇ ಕೊನೆಯದು, ಅದರಾಚೆ ವಯಸ್ಸು ಮೀರುತ್ತಿತ್ತು.

“ಗಾಲಿ ಬಗ್ಗೆ ನಂಗ ಗೊತ್ತಿದ್ದಷ್ಟು ಆ ಸಾಹೇಬ್ರಿಗೂ ಗೊತ್ತಿರಂಗಿಲ್ರಿ ಅಕ್ಕೋರ,” ಎಂದಿದ್ದರು ಮೊದಲ ದಿನ. “ಆದ್ರ ಅವರ ಮುಂದ ಕುಂತ್ರ ನನ್ನ ನಾಲಿಗಿ ಬ್ರೇಕ್ ಹಾಕ್ತೈತಿ.”

ದಿನಾ ನಾಲ್ಕೈದು ಪ್ರಶ್ನೆ ತರುತ್ತಿದ್ದರು. ನಾನು ಖುಷಿಯಿಂದ ಉತ್ತರ ಕೊಡುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ಗೊತ್ತಿದ್ದವರ ಮುಖ ಮಾಡಿ, ಮರುದಿನ ದೊಡ್ಡ ವ್ಯಾಕರಣ ಪುಸ್ತಕ ನೋಡಿಕೊಂಡು ಬಂದು ಹೇಳುತ್ತಿದ್ದೆ. ಒಂದೂವರೆ ತಿಂಗಳು ಹೀಗೇ ಕಳೆದಿರಬೇಕು. ಪ್ರಶ್ನೆಗಳನ್ನೆಲ್ಲ ಅವರು ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಪ್ರಶ್ನೆ ಕೇಳುತ್ತಿರುವ ತನಕ ಅವರು ಇಂಗ್ಲಿಷ್ ಮಾತಾಡಬೇಕಾಗಿರಲಿಲ್ಲ. ಇದು ನನಗೆ ಆಗಲೇ ಹೊಳೆಯಿತೋ, ಈಗ ಬರೆಯುವಾಗ ಹೊಳೆಯುತ್ತಿದೆಯೋ, ಹೇಳಲಾರೆ.

ಬಾಯಿ ಪರೀಕ್ಷೆಗೆ ಹತ್ತು ಹನ್ನೆರಡು ದಿನ ಉಳಿದಾಗ ನೋಟ್‌ಬುಕ್ ತೆಗೆಯುವುದು ಬೇಡ ಎಂದೆ. “ಇವತ್ತು ನೀವು ಹೇಳ್ರಿ. ಗಾಲಿ ಬಂದಾಗಿಂದ ಏನೇನು ಮಾಡ್ತೀರಿ, ಇಂಗ್ಲಿಷ್‌ನ್ಯಾಗ.”

ಅವರು ಅಂಗಿಯ ಕಾಲರ್ ಸರಿಮಾಡಿಕೊಂಡರು. “ವ್ಹೀಲ್ ಈಸ್ ಕಮ್ ಫ್ರಮ್...”

“ದಿ ವ್ಹೀಲ್,” ಅಂದೆ.

“ದಿ ವ್ಹೀಲ್ ಈಸ್ ಕಮ್...”

“ಈಸ್ ಕಮ್ ಅಲ್ರಿ. ಕಮ್ಸ್.”

“ಕಮ್ಸ್,” ಎಂದರು. ಇನ್ನೊಮ್ಮೆ “ಕಮ್ಸ್” ಎಂದರು. ಗಾಲಿ ಬಂದೇ ಬಂತು, ಮುಂದೆ ಹೋಗಲಿಲ್ಲ. ಅವರು ಕನ್ನಡಕ್ಕೆ ಮರಳಿದರು.

“ಒಂದ್ ಮಾತ್ ಹೇಳ್ತೇನಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಮ್ಮಲ್ಲಿ ಗಾಲಿ ತಿರಗಾಕತ್ತಾಗ ಯಾರೂ ಗೇಜ್ ಹಚ್ಚಂಗಿಲ್ರಿ. ಹಚ್ಚಿದ್ರ ಗೇಜೂ ಹೋಕ್ಕೈತಿ, ಬೆರಳೂ ಹೋಕ್ಕಾವು. ಲೇಥ್ ಬಂದ್ ಮಾಡಬೇಕು, ಗಾಲಿ ನಿಂದ್ರಬೇಕು, ಆಮ್ಯಾಲೆ ಅಳೀಬೇಕು.”

ಗೇಜ್ ಎಂದರೆ ಗಾಲಿಯ ಅಂಚಿಗೆ ಹಿಡಿದು ಹದ ನೋಡುವ ಉಕ್ಕಿನ ಅಚ್ಚು ಎಂದು ಅವರೇ ಹಿಂದೊಮ್ಮೆ ಹೇಳಿದ್ದರು. ನಾನು ಏನಾದರೂ ಅನ್ನುವುದರೊಳಗೆ ಅಡುಗೆಮನೆಯಿಂದ ಅವ್ವನ ದನಿ ಬಂತು.

“ಖರೇನ ಹೇಳ್ತಾರ ನೋಡು. ಆ ಮನಷ್ಯಾ ಒಂದ್ ಹೆಜ್ಜಿ ಇಡೂದ್ರಾಗ ನೀ ಕಾಲಾಗ ಕಾಲ್ ಹಾಕ್ತಿ.”

ನಾನು ನಕ್ಕು, ಅದು ಸರಿ ಎಂದು ಅಲ್ಲೇ ಒಪ್ಪಿಕೊಂಡೆ ಎಂದೇ ಇಷ್ಟು ವರ್ಷ ನಂಬಿದ್ದೆ. ಮುಂದೆ ನಾನು ಪಾಠ ಹೇಳಿದ ಕಾಲೇಜಿನಲ್ಲಿ ಹೊಸ ಅಧ್ಯಾಪಕರಿಗೆ ಹಾಗೆಂದು ಹೇಳಿದ್ದೂ ಉಂಟು. ದಿನಚರಿಯಲ್ಲಿ ಬೇರೆಯೇ ಇದೆ: “ಅವರು ಬೇಗ ಎದ್ದು ಹೋದರು. ಕಲಿಯಲು ಬಂದವರು ನನಗೆ ಕಲಿಸುವುದು ಹೇಗೆಂದು ಹೇಳಬೇಕೇ? ಅವ್ವನೂ ಅವರ ಕಡೆಗೇ. ಊಟ ಸೇರಲಿಲ್ಲ.” ಕೈಬರಹ ನನ್ನದೇ. ನಕ್ಕವಳನ್ನು ನಾನು ಯಾವಾಗ ತಂದು ಅಲ್ಲಿ ಕೂರಿಸಿದೆನೋ ತಿಳಿಯದು.

ಎರಡು ದಿನ ಅವರು ಬರಲಿಲ್ಲ. ಆ ಎರಡೂ ದಿನ ಮೊಪೆಡ್ಡಿನ ಸದ್ದು ಕೇಳಿದಾಗಲೆಲ್ಲ ಕಿಟಕಿಯ ಕಡೆ ನೋಡಿದ್ದು ನೆನಪಿದೆ. ಅವರ ಕೊನೆಯ ಅವಕಾಶವನ್ನು ನಾನೇ ಕೆಡಿಸಿದೆನೇನೋ ಎಂದು ಹೆದರಿಕೆಯಾಗಿತ್ತು. ಮೂರನೆಯ ದಿನ ಅವರು ಬಂದಾಗ ನನಗಿಂತ ಮೊದಲು ಅವ್ವ ಪಡಸಾಲೆಗೆ ಬಂದಳು. ಮೊರದ ತುಂಬ ಜೋಳ ತಂದು, ಗೋಡೆಗೆ ಆತು ಕೂತು ಹಸನು ಮಾಡತೊಡಗಿದಳು.

“ಇವತ್ತ ನಂಗ ಹೇಳ್ರಿ,” ಅಂದಳು.

“ನಿಮಗ ಇಂಗ್ಲಿಷ್ ಬರತೈತೇನ್ರಿ ಅವ್ವಾರ?”

“ಒಂದಕ್ಷರ ಬರಂಗಿಲ್ಲ. ಅದಕ್ಕ ಹೇಳಾಕತ್ತೇನಿ. ತಪ್ಪ್ ಹಿಡಿಯೋ ಅಂಜಿಕಿ ಇಲ್ಲ ನಿಮಗ.”

ಅವರು ನಕ್ಕರು. ಆಮೇಲೆ ಇಂಗ್ಲಿಷಿನಲ್ಲೇ ತುಂಡು ತುಂಡಾಗಿ ಹೇಳಿದರು. ವ್ಹೀಲ್ ಬಂತು, ಕ್ಲೀನ್ ಆಯಿತು, ಕ್ರ್ಯಾಕ್ ಇದೆಯೋ ನೋಡಿದರು, ಲೇಥ್ ಏರಿತು. ಅವ್ವ ಕಲ್ಲು ಆರಿಸುತ್ತ “ಹೂಂ ರೀ” ಅನ್ನುತ್ತಿದ್ದಳು. ನಡುವೆ ಒಮ್ಮೆ, “ಅಲ್ರೀ, ಒಂದ್ ಗಾಲಿ ಭಾಳ ಸವದು ಇನ್ನೊಂದು ಕಮ್ಮಿ ಸವದಿದ್ರ ಹೆಂಗ?” ಎಂದು ಕನ್ನಡದಲ್ಲೇ ಕೇಳಿದಳು. ಅವರು ತಡೆಯದೆ ಇಂಗ್ಲಿಷಿನಲ್ಲಿ ಉತ್ತರಿಸಿದರು: “ಬೋತ್ ಸೇಮ್ ಸೈಜ್ ಮಸ್ಟ್, ಅವ್ವಾರ. ಅದರ್‌ವೈಸ್ ಡೇಂಜರ್.” ಅಷ್ಟು ದಿನಗಳಲ್ಲಿ ನಾನು ಅವರಿಂದ ಕೇಳಿದ ಇಂಗ್ಲಿಷಿನ ಮೊದಲ ಇಡೀ ಮಾತು ಅದು.

ನಾನು ಪಕ್ಕದಲ್ಲಿ ಕೂತು ತಪ್ಪುಗಳನ್ನು ಬರೆದುಕೊಳ್ಳುತ್ತಿದ್ದೆ. ಬಾಯಿ ತೆರೆಯದಿರುವುದು ನನಗೆಷ್ಟು ಕಷ್ಟವಾಯಿತೆಂದರೆ ನಾಲ್ಕು ಸಲ ಕೆಮ್ಮಿದೆ. ಕೊನೆಗೆ ಅವರು ನನ್ನ ಕಡೆ ತಿರುಗಿದರು.

“ಗಾಲಿ ನಿಂತೈತ್ರಿ ಅಕ್ಕೋರ. ಹಚ್ಚರಿ ಗೇಜ್.”

ಓದಿದೆ. ಹಾಳೆ ತುಂಬಿತ್ತು. ಅವರು ಎಲ್ಲ ಕೇಳಿಸಿಕೊಂಡು ಮೂರನ್ನು ಮಾತ್ರ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡರು. “ಉಳದವು ಹಳಿ ಮ್ಯಾಲೆ ಓಡ್ತಾವು ಬಿಡ್ರಿ,” ಎಂದರು. ಪರೀಕ್ಷೆಯ ತನಕ ದಿನಾ ಇದೇ ನಡೆಯಿತು. ಜೋಳ ತೀರಿತು, ತೊಗರಿಬೇಳೆ ಬಂತು, ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ದಿನ ಮಾತ್ರ ಮೂವರೂ ಸೀನಿದೆವು.

ಪರೀಕ್ಷೆ ಮುಗಿದ ಸಂಜೆ ಅವರು ಇಸ್ತ್ರಿ ಅಂಗಿಯಲ್ಲೇ ಬಂದರು. ನನ್ನ ನೆನಪಿನ ಪ್ರಕಾರ, ಅಧಿಕಾರಿಯೊಬ್ಬರು ನಡುವೆ ತಿದ್ದಲು ಬಾಯಿ ತೆರೆದಾಗ ಇವರು “ಸರ್, ಐ ಫಿನಿಶ್, ದೆನ್ ಯು ಟೆಲ್ ಮಿಸ್ಟೇಕ್,” ಎಂದರಂತೆ. ಆ ಸಾಹೇಬರು ನಕ್ಕು ಕೈಕಟ್ಟಿ ಕೂತರಂತೆ. ದಿನಚರಿಯಲ್ಲಿ ಈ ಮಾತಿಲ್ಲ. “ಬಾಯಿ ಕಟ್ಟಲಿಲ್ಲವಂತೆ. ಎರಡು ಸಲ ಚಹಾ ಕುಡಿದರು,” ಎಂದಷ್ಟೇ ಇದೆ. ಅವ್ವ ಆ ‘ಐ ಫಿನಿಶ್’ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಒಂದಕ್ಷರ ಬಾರದ ಇಂಗ್ಲಿಷಿನ ಈ ಒಂದು ಸಾಲನ್ನು ಬಾಯಿಪಾಠ ಮಾಡಿಕೊಂಡು. ಹಾಗಾಗಿ ಅವಳು ಕಟ್ಟಿದ್ದಲ್ಲ, ಅವರು ಹೇಳಿದ್ದೇ ಇರಬೇಕು ಎಂದು ಅಂದುಕೊಳ್ಳುತ್ತೇನೆ.

ತಿಂಗಳೊಪ್ಪತ್ತಿನಲ್ಲಿ ಫಲಿತಾಂಶ ಬಂತು. ಅವರು ಪಾಸಾಗಿದ್ದರು. ಸುದ್ದಿ ಹೇಳಲು ಬಂದವರು ನನ್ನನ್ನು ದಾಟಿ ಸೀದಾ ಅಡುಗೆಮನೆಯ ಬಾಗಿಲಿಗೆ ಹೋಗಿ, “ಅವ್ವಾರ, ಐ ಆ್ಯಮ್ ಸೂಪರ್‌ವೈಸರ್,” ಎಂದರು. ಒಳಗಿನಿಂದ “ಹೂಂ ರೀ,” ಬಂತು, ಅರ್ಥವಾದ ಮೇಲೆ, “ಅಯ್ಯ, ಖರೇ ಏನ್ರೀ! ಭಾಳ ಛಲೋ ಆತು!”

ಆಮೇಲೆ ಪಡಸಾಲೆಗೆ ಬಂದು ಕೂತು, ಅಭ್ಯಾಸಬಲದಿಂದ ನೋಟ್‌ಬುಕ್ ತೆಗೆದರು. ಇನ್ನು ಮುಂದೆ ಅವರ ಕೈಕೆಳಗೆ ಮಂದಿ ಇರುತ್ತಿದ್ದರು, ಅದರಲ್ಲಿ ಕೆಲವರು ಹೊರಗಿನವರು.

“ಒಂದ್ ಉಳದೈತ್ರಿ ಅಕ್ಕೋರ. ತಪ್ಪ್ ಮಾಡಿದವಗ ಅವನ ಮನಸ ಮುರೀದಂಗ ಇಂಗ್ಲಿಷ್‌ನ್ಯಾಗ ಹೆಂಗ ಹೇಳಬೇಕು?”

ನಾನು ಉತ್ತರಕ್ಕೆ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

“ಅದನ್ನ ಅಕಿನ್ನ ಯಾಕ ಕೇಳ್ತೀರಿ? ನನ್ನ ಕೇಳ್ರಿ.”