ಭಾನುವಾರದ ಸಹಿ

ಲಂಡನ್ನಿನ ಫೆಲ್ಥಮ್‌ನಲ್ಲಿದ್ದಾಗ ನಾನು ಎರಡು ವರ್ಷ ಒಂದು ಭಾನುವಾರವೂ ತಪ್ಪದೆ ಇಗರ್ಜಿಗೆ ಹೋದದ್ದು ದೇವರಿಗಾಗಿ ಅಲ್ಲ, ಒಂದು ಸಹಿಗಾಗಿ. ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವಳಾದರೂ ನನ್ನ ನಂಬಿಕೆ ಎಂದೋ ಕರಗಿಹೋಗಿತ್ತು. ಆದರೆ ದೊಡ್ಡ ಮಗಳಿಗೆ ಕ್ಯಾಥೊಲಿಕ್ ಶಾಲೆಯಲ್ಲಿ ಸೀಟು ಸಿಗಬೇಕಾದರೆ, ಈ ಕುಟುಂಬ ತಪ್ಪದೆ ಪೂಜೆಗೆ ಬರುತ್ತದೆ ಎಂದು ಫಾದರ್ ಬರೆದುಕೊಡಬೇಕಿತ್ತು. ಜ್ವರ ಬಂದರೂ ಹೋಗುತ್ತಿದ್ದೆ, ಫಾದರ್ ಕಣ್ಣಿಗೆ ಬೀಳಲೆಂದೇ ಮೊದಲ ಸಾಲಿನಲ್ಲಿ ಕೂರುತ್ತಿದ್ದೆ. ಮೊಣಕಾಲೂರಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ವಿಮಾನಗಳಿಗೆ ಊಟ ತುಂಬಿಸುವ ಅಡುಗೆಮನೆಯಲ್ಲಿ ನನ್ನ ಜೊತೆ ಇಂಡೋನೇಷ್ಯಾದ ಬಾಂಡುಂಗ್‌ನ ಹೆಂಗಸೊಬ್ಬಳು ಕೆಲಸಕ್ಕಿದ್ದಳು. ಪಶ್ಚಿಮ ಜಾವಾದ ಸುಂಡಾ ಜನಾಂಗದವಳು, ಆದರೆ ಕ್ರೈಸ್ತಳು. ಅದು ಹೇಗೆ ಎಂದು ಕೇಳಿದ್ದಕ್ಕೆ ಟ್ರೇಗೆ ಬನ್ನು ಇಡುತ್ತಲೇ ಹೇಳಿದಳು.

“ನಮ್ಮಲ್ಲಿ ಸುಂಡಾದವರು ಅಂದ್ರೆ ಮುಸಲ್ಮಾನರು ಅಂತಲೇ ಲೆಕ್ಕ. ಆಗ ನಮ್ಮನ್ನು ಆಳ್ತಿದ್ದದ್ದು ಡಚ್ಚರು. ಮುತ್ತಜ್ಜನಿಗೆ ದೀಕ್ಷಾಸ್ನಾನ ಆದ ದಿನವೇ ಊರವರು, ನೀನು ಡಚ್ಚನಾದೆ, ಹೋಗು ಅಂದ್ರು. ಡಚ್ ಮಿಶನರಿಯೊಬ್ಬ ಕಾಡು ಕಡಿಸಿ ಕ್ರೈಸ್ತರಿಗೇ ಒಂದು ಹಳ್ಳಿ ಮಾಡಿದ್ದ. ಅಲ್ಲಿ ಗದ್ದೆ ಸಿಕ್ಕಿತು. ಭಾನುವಾರ ಚರ್ಚಿಗೆ ಬರದಿದ್ರೆ ಗದ್ದೆ ಬಿಡಬೇಕು. ಹಳೇ ಊರಿಗೂ ಹೋಗೋ ಹಾಗಿಲ್ಲ.”

ಅತ್ತ ದರಿ, ಇತ್ತ ಪುಲಿ. ನನಗೆ ಅವಳ ಮುತ್ತಜ್ಜನ ಮುಖವೇ ಕಂಡಂತಾಯಿತು.

ಈ ಗೆಳತಿಯ ವಿಷಯವನ್ನು ಫಾದರ್ ಮುಂದೆ ಬಾಯಿಬಿಟ್ಟದ್ದೇ ನನ್ನ ತಪ್ಪು. ಧರ್ಮಪ್ರಚಾರಕ್ಕೆಂದೇ ಮೀಸಲಾದ ಮಿಶನ್ ಭಾನುವಾರಕ್ಕೆ ಅವಳನ್ನು ಕರೆತಾ, ಸುವಾರ್ತೆ ಸುಂಡಾ ಜನರನ್ನು ಮುಟ್ಟಿದ ಬಗೆ ಎಲ್ಲರೂ ಕೇಳಲಿ ಎಂದರು. ಶಾಲೆಯ ಫಾರ್ಮು ಕೊಡಲು ಅದೇ ಕೊನೆಯ ವಾರ. ಸಹಿ ಇನ್ನೂ ಆಗಿರಲಿಲ್ಲ.

“ಗದ್ದೆ ವಿಷಯ ಮಾತ್ರ ಬೇಡ ಮಾರಾಯ್ತಿ, ಚಂದದ್ದು ಎಂತಾದ್ರೂ ಹೇಳು” ಎಂದು ಅಂಗಲಾಚಿದೆ. ಇಂಗ್ಲಿಷ್‌ನಲ್ಲಿ ಬೇಡುವಾಗಲೂ ಆ ‘ಮಾರಾಯ್ತಿ’ ಬಿಡಲಿಲ್ಲ. ಅವಳು ನನ್ನನ್ನೇ ನೋಡಿ ತಲೆಯಾಡಿಸಿದಳು.

ಪೂಜೆಯಾದ ಮೇಲೆ ಎಲ್ಲರೂ ಹಾಲ್‌ನಲ್ಲಿ ಸೇರಿದರು. ಮುತ್ತಜ್ಜ ಸಂತೋಷದಿಂದ ಹೊಸ ಹಳ್ಳಿಗೆ ಬಂದ, ಸಂತೋಷದಿಂದ ಹಾಡಿದ ಎಂದಳು. ಜನ ಚಪ್ಪಾಳೆ ತಟ್ಟಿದರು. ಫಾದರ್ ಕಣ್ಣೊರೆಸಿಕೊಂಡು, ಚಹಾದ ಮೇಜಿನ ಮೇಲೆಯೇ ನನ್ನ ಫಾರ್ಮಿಗೆ ಸಹಿ ಹಾಕಿದರು. ಒಳ್ಳೆಯ ಮನುಷ್ಯ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಬಸ್ಸಿನಲ್ಲಿ ಅವಳ ಮುಖ ನೋಡಲಾಗಲಿಲ್ಲ. ನಿನ್ನ ಬಾಯಿಂದ ಸುಳ್ಳು ಹೇಳಿಸಿದೆ, ಕ್ಷಮಿಸು ಎಂದೆ.

“ಬಿಡು” ಎಂದಳು. “ಮಿಶನರಿ ಕೇಳಿದಾಗಲೆಲ್ಲ ಮುತ್ತಜ್ಜನೂ ಸಂತೋಷವಾಗಿದ್ದೀನಿ ಅಂತಲೇ ಹೇಳ್ತಿದ್ದನಂತೆ. ಅವನಿಗೂ ಮಕ್ಕಳಿದ್ರಲ್ಲ.”

ಮಗಳಿಗೆ ಸೀಟು ಸಿಕ್ಕಿತು. ಚಿಕ್ಕ ಮಗಳಿಗೆ ಆಗಿನ್ನೂ ಎರಡು ವರ್ಷ, ಅವಳ ಫಾರ್ಮಿನ ಸಹಿ ಬಾಕಿ ಇತ್ತು. ಮುಂದಿನ ಭಾನುವಾರ ಮತ್ತೆ ಹೋಗಿ ಮೊದಲ ಸಾಲಿನಲ್ಲೇ ಕುಳಿತೆ.