ಕರಿ ಗೌನಿನೊಳಗೆ ಬಿಳಿ ಸೀರೆ

ವಸುಮತಿ ಟೀಚರು ಬಿ.ಎ. ಪಾಸಾದದ್ದು ಅರವತ್ತೆರಡರಲ್ಲಿ. ಬೆಳ್ಳಾರೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾ, ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಿದವರು. ಓದಲು ಒತ್ತಾಯಿಸಿದ್ದು ಗಂಡ ಅಚ್ಚುತ. ಫಲಿತಾಂಶ ಬರುವಾಗ ಅವರು ಮಂಗಳೂರಿನಲ್ಲಿ, ಆಸ್ಪತ್ರೆಯ ಕ್ಷಯದ ವಾರ್ಡಿನಲ್ಲಿದ್ದರು. ಪದವಿ ಅಂಚೆಯಲ್ಲಿ ಬರಬಾರದು, ಹೆಂಡತಿ ಮೈಸೂರಿಗೆ ಹೋಗಿ ವೇದಿಕೆ ಹತ್ತಿಯೇ ತೆಗೆದುಕೊಳ್ಳಬೇಕು ಎಂಬುದು ಅವರ ಹಟ.

ಘಟಿಕೋತ್ಸವಕ್ಕೆ ಉಡಬೇಕಾದ ಉಡುಪಿನ ಸೂಚನೆ ಬಂತು. ಕರಿ ಗೌನು, ಹುಡ್ಡು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಹುಡ್ಡು ತಲೆಗಲ್ಲ, ಕೊರಳಿನಿಂದ ಬೆನ್ನಿಗೆ ಇಳಿಬಿಡುವುದು. ಅದರ ಒಳಮೈಯ ರೇಷ್ಮೆ ಹೊರಗೆ ಕಾಣಬೇಕು. ಹೆಂಗಸರು ಬಿಳಿ ಸೀರೆ, ಬಿಳಿ ರವಕೆ ಧರಿಸತಕ್ಕದ್ದು. ಬೇರೆ ಬಣ್ಣ ಉಟ್ಟವರಿಗೆ ಪ್ರವೇಶವಿಲ್ಲ.

ಆ ಮನೆಯಲ್ಲಿ ಬಿಳಿ ಸೀರೆ ಇದ್ದದ್ದು ಅತ್ತೆ ಅಕ್ಕುವಿಗೆ ಮಾತ್ರ. ಅವರು ವಿಧವೆ. ಅವರಲ್ಲಿ ಕೇಳುವ ಧೈರ್ಯವಾಗದೆ ವಸುಮತಿ ಪುತ್ತೂರಿನಲ್ಲಿದ್ದ ಅಣ್ಣ ಚೆನ್ನಪ್ಪನಿಗೆ ಹೇಳಿ ಕಳುಹಿಸಿದರು.

ಚೆನ್ನಪ್ಪ ಕುಂಞಿ ಮೋನುವಿನ ಜವಳಿ ಅಂಗಡಿಗೆ ಹೋದ.

"ಅಂಚಿಲ್ಲದ ಬಿಳಿಯಾ? ಯಾರು ಹೋದದ್ದು ಚೆನ್ನಪ್ಪಣ್ಣ?"

"ಯಾರೂ ಹೋಗ್ಲಿಲ್ಲ ಮಾರಾಯ. ತಂಗಿ ಬಿ.ಎ. ಆದಳು."

"ಬಿ.ಎ. ಆದ್ರೆ ಇದು ಉಡ್ಸುದಾ? ಹಾಗಾದ್ರೆ ನನ್ನ ಮಗಳಿಗೆ ಐದನೇ ಕ್ಲಾಸೇ ಸಾಕು."

ಅಂಗಡಿಯವನು ಅಷ್ಟು ಹೇಳಿದರೂ ಚೆನ್ನಪ್ಪನಿಗೆ ಹೊಳೆಯಲಿಲ್ಲ. ಭಾನುವಾರದ ಬಸ್ಸಿನಲ್ಲಿ ನಗುತ್ತಲೇ ಬಂದು, ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದ. ಅಕ್ಕು ಅಲ್ಲೇ ಮೊರ ಹಿಡಿದು ಅಕ್ಕಿ ಗೇರುತ್ತಿದ್ದರು.

"ಎಂತ ಅದು?"

"ತಂಗಿಗೆ ಸೀರೆ, ಅತ್ತೆ."

ಅಕ್ಕುವಿನ ಕೈಯ ತಡ್ಪೆ ನಿಂತಿತು. ಅವರ ಕಡೆಯಲ್ಲಿ ಗಂಡ ಸತ್ತವಳಿಗೆ ಬೊಜ್ಜದ, ಎಂದರೆ ಉತ್ತರಕ್ರಿಯೆಯ ದಿನ ಬಿಳಿ ಸೀರೆ ತರುವುದು ತವರಿನವರು. ಅಣ್ಣನೋ ತಮ್ಮನೋ ತಂದು ಕೊಟ್ಟ ಮೇಲೆ ಅವಳು ಬಣ್ಣ ಬಿಡುವುದು.

"ಚೆನ್ನಪ್ಪಾ, ನನ್ನ ಮಗ ಇನ್ನೂ ಉಸಿರಾಡ್ತಾ ಇದ್ದಾನೆ."

"ಅಯ್ಯೋ, ಇದು ಅದಲ್ಲ ಅತ್ತೆ…"

"ನನ್ನ ಅಣ್ಣ ತಂದದ್ದೂ ಹೀಗೆಯೇ, ಕಾಗದದಲ್ಲಿ ಕಟ್ಟಿ. ಯಾವುದು ಅದು, ಯಾವುದು ಅಲ್ಲ ಅಂತ ನೀನು ನನಗೆ ಕಲಿಸ್ಬೇಡ."

ಚೆನ್ನಪ್ಪ ನೀರೂ ಕುಡಿಯದೆ ಹೊರಟುಹೋದ. ಅಕ್ಕು ಸೊಸೆಯನ್ನು ಬೈಯಲಿಲ್ಲ. ಸಂಜೆ ದೀಪ ಇಟ್ಟ ಮೇಲೆ ಹತ್ತಿರ ಬಂದು ಕೂತರು.

"ನೀನು ಹೋಗುದಕ್ಕೆ ನಾನು ಅಡ್ಡ ಇಲ್ಲ. ಅದನ್ನು ಉಡ್ಬೇಡ, ಅಷ್ಟೇ."

"ಅದು ಅಲ್ಲಿಯ ನಿಯಮ, ಅತ್ತೆ."

"ಇದು ಇಲ್ಲಿಯದ್ದು."

ಅಂದಿನಿಂದ ಅವರು ರಾತ್ರಿಯ ಊಟ ಬಿಟ್ಟರು. ವಸುಮತಿ ಮಂಗಳೂರಿಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದರು. ಅಚ್ಚುತ ನಗಲು ಹೋಗಿ ಕೆಮ್ಮಿದರು.

"ಸೀರೆಯಿಂದ ಸಾಯುದಾದ್ರೆ ಈ ಡಾಕ್ಟ್ರು ದಿನಾ ನನ್ನನ್ನು ಚುಚ್ಚುದು ಎಂತಕ್ಕೆ?"

"ಅತ್ತೆ ಊಟ ಮಾಡುದಿಲ್ಲ."

"ಅಮ್ಮ ನಂಬುದನ್ನು ನಾನು ಬಿಡಿಸ್ಲಿಕ್ಕೆ ಆಗುದಿಲ್ಲ. ಆದ್ರೆ ನೀನು ಹೋಗದಿದ್ರೆ, ನಾನು ಸಾಯ್ತೇನೆ ಅಂತ ನೀನೂ ನಂಬಿದ ಹಾಗೆ ಆಯ್ತಲ್ಲ?"

ಆ ಒಂದು ಮಾತಿಗೆ ವಸುಮತಿ ಮೈಸೂರಿಗೆ ಹೋದರು.

ಮೈಸೂರಿನಲ್ಲಿ ಹೆಂಗಸರಿಗೆ ಉಡುಪು ಧರಿಸಲು ಒಂದು ಕೋಣೆ ಬಿಟ್ಟಿದ್ದರು. ಬಿಳಿ ಸೀರೆ ಉಡುವಾಗ ನೆರಿಗೆ ಎರಡು ಸಲ ಜಾರಿತು. ಹಣೆಗೆ ಎಂದಿಗಿಂತ ದೊಡ್ಡ ಕುಂಕುಮ ಇಟ್ಟುಕೊಂಡರು. ಗೌನು ತೊಟ್ಟು, ಹುಡ್ಡು ಹಾಕಿ, ಕರಿಮಣಿಯನ್ನು ಹೊರಗೆಳೆದು ಅದರ ಮೇಲೆ ಬಿಟ್ಟರು. ಉಡುಪು ಸರಿಪಡಿಸುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ತಡೆದಳು.

"ಅದನ್ನ ಒಳಗೆ ಹಾಕ್ಕೊಳ್ಳಿ ಮೇಡಂ. ಹುಡ್ ಸರಿಯಾಗಿ ಕೂರಲ್ಲ."

"ಹೊರಗೇ ಇರ್ಲಿ."

"ಅಯ್ಯೋ, ನನ್ನನ್ನ ಬೈತಾರೆ. ಯಾರ ಕೊರಳಲ್ಲೂ ಏನೂ ಕಾಣಬಾರದಂತೆ."

ಹುಡುಗಿ ತಾನೇ ಕರಿಮಣಿಯನ್ನು ಒಳಗೆ ಸೇರಿಸಿ, ಹುಡ್ಡನ್ನು ರವಕೆಗೆ ಪಿನ್ನಿನಿಂದ ಸಿಕ್ಕಿಸಿ, ಬೆನ್ನಿನ ರೇಷ್ಮೆಯನ್ನು ಬಿಡಿಸಿಟ್ಟಳು. "ಈಗ ನೋಡಿ, ಎಷ್ಟು ಸರಿಯಾಯ್ತು!" ಎಂದು ಕನ್ನಡಿಯ ಮುಂದೆ ನಿಲ್ಲಿಸಿದಳು. ವಸುಮತಿ ಕನ್ನಡಿಯಲ್ಲಿ ಕುಂಕುಮವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ವೇದಿಕೆಯಲ್ಲಿ ಪದವಿ ಕೊಟ್ಟವರ ಮುಖ ಅವರಿಗೆ ನೆನಪೇ ಇಲ್ಲ. ದೇವರ ಹೆಸರು ಹೇಳುತ್ತಾ ಮೆಟ್ಟಿಲು ಹತ್ತಿದ್ದು, ಅದನ್ನೇ ಹೇಳುತ್ತಾ ಇಳಿದದ್ದು ನೆನಪಿದೆ.

ಹಿಂದಿರುಗುವಾಗ ಹಸಿರು ಸೀರೆ ಉಟ್ಟಿದ್ದರು. 'ಬಣ್ಣದ ಸೀರೆಗೂ ಒಪ್ಪಿದರು, ಅತ್ತೆ' ಎಂಬ ಮಾತನ್ನು ಮಡಿಕೇರಿಯಿಂದ ಸುಳ್ಯದವರೆಗೂ ಬಸ್ಸಿನಲ್ಲಿ ಮನಸ್ಸಿನೊಳಗೇ ಹೇಳಿ ನೋಡಿದ್ದರು. ಅಕ್ಕು ಅಂಗಳದಲ್ಲೇ ಕಾಯುತ್ತಿದ್ದರು. ಮೈ ಇಳಿದುಹೋಗಿತ್ತು.

"ಉಟ್ಟೆಯಾ?"

ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಉಟ್ಟೆ, ಅತ್ತೆ."

"ಮಿಂದೇ ಒಳಗೆ ಬಾ. ಇನ್ನು ಅವನಿಗೆ ತಿನ್ಲಿಕ್ಕೆ, ಕುಡೀಲಿಕ್ಕೆ ಕೊಡುದನ್ನು ನೀನು ಮುಟ್ಟುದು ಬೇಡ."

ಮರುವರ್ಷ ಅಚ್ಚುತ ಗುಣವಾಗಿ ಮನೆಗೆ ಬಂದರು. ಮೆಲ್ಲಗೆ ತೋಟಕ್ಕೂ ಹೋಗಲಾರಂಭಿಸಿದರು. ಟೀಚರಿಗೆ ಸಂಬಳ ಹೆಚ್ಚಿತು, ದೊಡ್ಡ ತರಗತಿಗಳು ಸಿಕ್ಕಿದವು. ಗಂಡನ ಅನ್ನ ನೀರು ಸೊಸೆ ಮುಟ್ಟಬಾರದು ಎಂಬ ಅಕ್ಕುವಿನ ಮಾತು ಮಾತ್ರ ಬದಲಾಗಲಿಲ್ಲ. ಅಚ್ಚುತ ಜಗಳವಾಡಿ ನೋಡಿದರು, ತಾಯಿ ಮತ್ತೆ ಊಟ ಬಿಟ್ಟರು, ಅವರು ಸೋತರು.

ಇದನ್ನೆಲ್ಲ ಟೀಚರು ತಮ್ಮಲ್ಲಿ ಕಲಿತ ನನಗೆ ಹೇಳಿದ್ದು ಅರವತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ, ಅವರ ಅಡಿಗೆಕೋಣೆಯಲ್ಲಿ.

"ಆದ್ರೆ ಅವರ ಹೆದರಿಕೆ ಸುಳ್ಳಾಯ್ತಲ್ಲ ಟೀಚರೇ," ಎಂದೆ.

"ಹಗಲಿಗೆ ನಾನೂ ಹಾಗೇ ಹೇಳುದು," ಎಂದರು.

ಅಷ್ಟರಲ್ಲಿ ಜಗಲಿಯಲ್ಲಿ ಅಚ್ಚುತ ಕೆಮ್ಮಿದರು. ಒಂದು ಸಲ, ಮತ್ತೊಂದು ಸಲ. ಟೀಚರು ನೀರಿನ ಚೆಂಬಿಗೆ ಕೈ ಚಾಚಿ, ತಡೆದು, ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಒಳಕೋಣೆಯಿಂದ ಅಕ್ಕು ಗೋಡೆ ಹಿಡಿದುಕೊಂಡು ಬಂದರು. ಸೊಸೆಯ ಕಡೆ ನೋಡದೆ ಚೆಂಬು ಎತ್ತಿಕೊಂಡು, ನೀರು ತುಳುಕಿಸುತ್ತಾ ಜಗಲಿಗೆ ನಡೆದರು.