ಮುದ್ದಣ್ಣನ ಬೊಬ್ಬೆ

ಎಲ್ಲೂರಿನ ಮುದ್ದಣ್ಣ ಕಾಪು–ಉಡುಪಿ ನಡುವಿನ ಸರ್ವಿಸ್ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ಸೀಟಿ ಊದಿ ಊದಿ ಗಟ್ಟಿಯಾದ ಆ ಉಸಿರನ್ನು ಮನೆಯಲ್ಲಿಯೂ ಸುಮ್ಮನಿಡುತ್ತಿರಲಿಲ್ಲ. ಇರುವೆ ಕಚ್ಚಿದರೆ ಬೊಬ್ಬೆ, ಕಾಲಿನ ಕಿರುಬೆರಳು ಮಂಚಕ್ಕೆ ತಾಗಿದರೆ ಬೊಬ್ಬೆ, ಸ್ನಾನದ ನೀರು ಒಂದಿಷ್ಟು ಬಿಸಿಯಾದರೆ "ಅಯ್ಯಯ್ಯೋ, ಸತ್ತೆ!" ಎಂದು ಪಡುಬಿದ್ರಿಗೆ ಕೇಳುವಷ್ಟು ಬೊಬ್ಬೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಕುಶಲಾ ಓಡಿ ಬರುತ್ತಿದ್ದಳು. ಎರಡನೆಯ ತಿಂಗಳು ನಡೆದು ಬಂದಳು. ಆಮೇಲೆ ಬರುವುದನ್ನೇ ಬಿಟ್ಟಳು. ಆಚೆ ಮನೆಯ ಗ್ಲ್ಯಾಡಿಸ್ ಬಾಯಿಯಂತೂ ಬೊಬ್ಬೆ ಕೇಳಿದರೆ ಟಿವಿಯ ಸದ್ದು ಸ್ವಲ್ಪ ಏರಿಸುತ್ತಿದ್ದರು, ಅಷ್ಟೆ.

ಕುಶಲಾಳ ಲೆಕ್ಕದಲ್ಲಿ ಇದೆಲ್ಲ ಗಂಡಸರ ಸೋಗು. ಮಗಳನ್ನು ಹೆರುವಾಗ ಅವಳು ಹಲ್ಲು ಕಚ್ಚಿ ಮಲಗಿದ್ದಳೇ ಹೊರತು ಒಂದು ಸ್ವರ ಹೊರಡಿಸಿರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತ ಮುದ್ದಣ್ಣನೇ ಹೊಟ್ಟೆ ಹಿಡಿದುಕೊಂಡು ನರಳಿ ನರ್ಸಿನಿಂದ ಬೈಸಿಕೊಂಡಿದ್ದ.

ಇಂಥವನ ಮೈಯಲ್ಲಿ ಹದಿನೈದು ವರ್ಷದಿಂದ ಶುಗರ್ ಇತ್ತು. ಅದು ನೋಯುವುದಿಲ್ಲವಾದ್ದರಿಂದ ಮುದ್ದಣ್ಣ ಅದನ್ನು ಕಾಯಿಲೆ ಎಂದೇ ಒಪ್ಪಿರಲಿಲ್ಲ. ಬೆಳಗ್ಗೆ ಬಾಳೆಹಣ್ಣು, ಸಕ್ಕರೆ ಹಾಕಿ ಕರಿದ ಎರಡು ಬನ್ಸ್, ಸಂಜೆ ಎರಡು ಬನ್ಸ್ ಸುಸೂತ್ರವಾಗಿ ನಡೆದಿತ್ತು.

ಕಳೆದ ವರ್ಷ, ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದ ಒಂದು ದಿನ, ಅಂಗಳದಲ್ಲಿ ಬರಿಗಾಲಲ್ಲಿ ತಿರುಗಾಡಿ ಬಂದು ಜಗಲಿಯಲ್ಲಿ ಪೇಪರು ಹಿಡಿದು ಕೂತ. ಆಗಷ್ಟೇ ನೆಲ ಒರೆಸಿದ್ದ ಕುಶಲಾ ನೋಡುತ್ತಾಳೆ, ಹೆಜ್ಜೆ ಹೆಜ್ಜೆಗೂ ರಕ್ತ.

"ಕಾಲಿಗೆ ಎಂತ ಆಯಿತು?"

"ಎಂತ ಇಲ್ಲ ಮಾರಾಯ್ತಿ."

ಅವಳು ಕಾಲು ಎತ್ತಿ ನೋಡಿದಳು. ಹಿಮ್ಮಡಿಯೊಳಗೆ ಮೊಳೆ. ತಲೆ ಮಾತ್ರ ಹೊರಗಿತ್ತು. ಈ ಬಾಯಿ ಒಮ್ಮೆ ಮುಚ್ಚಿದರೆ ಸಾಕು ಎಂದು ಮೂವತ್ತು ವರ್ಷ ಹರಕೆ ಹೊತ್ತವಳು, ಅದು ಮುಚ್ಚಿದ ದಿನ ಬೆವತುಹೋದಳು.

ಕಾಪುವಿನ ಡಾಕ್ಟರು ಮೊಳೆ ತೆಗೆದು ಮಣಿಪಾಲಕ್ಕೆ ಕಳಿಸಿದರು. ಅಲ್ಲಿದ್ದದ್ದು ಮಗಳ ಪ್ರಾಯದ ಡಾಕ್ಟರು, ನಿಖಿತಾ.

"ಕಣ್ಣು ಮುಚ್ಚಿ. ಈ ನೈಲಾನ್ ಎಳೆ ಪಾದಕ್ಕೆ ತಾಗಿದಾಗೆಲ್ಲ ಹೌದು ಅಂತ ಹೇಳಿ."

ಎಳೆ ತಾಗಿತು. ಮುದ್ದಣ್ಣ ಸುಮ್ಮನೆ. ಇನ್ನೊಮ್ಮೆ ತಾಗಿತು. ಸುಮ್ಮನೆ. ಪಕ್ಕದಲ್ಲಿ ಕೂತ ಕುಶಲಾಗೆ ತಡೆಯಲಾಗಲಿಲ್ಲ. ಗಂಡ ಹೀಗೆ ಕಣ್ಣೆದುರೇ ಫೇಲಾಗುವುದೆಂದರೇನು? ಮೂರನೆಯ ಸಲ ತಾಗುವಾಗ ಮೆಲ್ಲಗೆ ಕೆಮ್ಮಿದಳು.

"ಹೌದು!" ಎಂದ ಮುದ್ದಣ್ಣ.

ತಾಗಿತು, ಕೆಮ್ಮು, ಹೌದು. ತಾಗಿತು, ಕೆಮ್ಮು, ಹೌದು. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಹೊಂದಾಣಿಕೆ ಇಬ್ಬರ ನಡುವೆ ಕಂಡದ್ದಿಲ್ಲ. ಅಷ್ಟರಲ್ಲಿ ಕುಶಲಾಗೆ ನಿಜವಾಗಿಯೇ ಗಂಟಲು ಕೆರೆದು ಕೆಮ್ಮು ಬಂತು. ಡಾಕ್ಟರ ಕೈ ಇನ್ನೂ ಗಾಳಿಯಲ್ಲಿತ್ತು.

"ಹೌದು!"

ನಿಖಿತಾ ಎಳೆಯನ್ನು ಮೇಜಿನ ಮೇಲಿಟ್ಟಳು. "ಆಂಟಿ, ಇದರಲ್ಲಿ ಕಾಪಿ ಹೊಡೆದು ಪಾಸಾದರೆ ಎಂತ ಆಗ್ತದೆ ಗೊತ್ತುಂಟಾ? ಗಾಯ ಒಳಗೇ ಕೊಳೆಯುತ್ತದೆ, ಇವರಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಕಾಲು ಕತ್ತರಿಸಬೇಕಾಗ್ತದೆ."

ಆಮೇಲೆ ಸಮಾಧಾನದಿಂದ ವಿವರಿಸಿದಳು. ಚುಚ್ಚಿದ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಓಡುತ್ತದೆ. ಬೆನ್ನುಹುರಿ ಮಿದುಳಿನ ಅಪ್ಪಣೆಗೆ ಕಾಯದೆ ಕಾಲನ್ನು ಎತ್ತಿಸಿಬಿಡುತ್ತದೆ. ಸುದ್ದಿ ಮಿದುಳಿಗೆ ಮುಟ್ಟಿ ನಾವು ಅಯ್ಯೋ ಎನ್ನುವುದು ಅದರ ನಂತರ. ಇವರಲ್ಲಿ ಶುಗರ್ ಆ ನರಗಳನ್ನೇ ಹಾಳು ಮಾಡಿದೆ.

"ಅಂದರೆ ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಬ್ರೇಕ್ ಹಾಕಿದ, ಬಸ್ಸಿನ ಧಣಿಗಳಿಗೆ ಆಮೇಲೆ ಗೊತ್ತಾಯಿತು," ಎಂದ ಮುದ್ದಣ್ಣ. "ನನ್ನ ಕಾಲಲ್ಲಿ ಕಂಡಕ್ಟರೇ ಇಲ್ಲ. ಹೊಸಬ ಬರ್ತಾನಾ ಡಾಕ್ಟ್ರೇ?"

"ಕಷ್ಟ. ಶುಗರ್ ಹಿಡಿತದಲ್ಲಿಟ್ಟರೆ ಬೇರೆ ಕಡೆ ಇದ್ದವರಾದರೂ ಉಳಿದಾರು. ದಿನಾ ಯಾರಾದರೂ ಪಾದ ನೋಡಬೇಕು."

ಹಿಂದೆ ಬರುವಾಗ ಬಸ್ಸಿನಲ್ಲಿ ಕುಶಲಾ ಬಗ್ಗಿ ಬಗ್ಗಿ ಗಂಡನ ಕಾಲನ್ನೇ ನೋಡಿದಳು. ಅವಳಿಗೆ ಹೆದರಿಕೆಯಾಗಿತ್ತು. ತನ್ನ ಕೆಮ್ಮು ನೆನೆದು ನಾಚಿಕೆಯೂ ಆಗಿತ್ತು.

ಗಾಯ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಬನ್ಸ್ ನಿಂತಿತು. ಮೆತ್ತನೆಯ ಚಪ್ಪಲಿ ಮನೆಯೊಳಗೂ ಬಂತು. ಕುಶಲಾಳ ಅತ್ತೆ ಬದುಕಿದ್ದರೆ ಅದೇ ಚಪ್ಪಲಿಯಿಂದ ಇಬ್ಬರಿಗೂ ಬೀಳುತ್ತಿತ್ತು. ಸ್ನಾನದ ನೀರಿಗೆ ಮೊದಲು ಕುಶಲಾಳ ಮೊಣಕೈ ಇಳಿಯುತ್ತದೆ. ಸಂಜೆ ಜಗಲಿಯಲ್ಲಿ ಗಂಡನ ಪಾದ ಮಡಿಲಿಗೆ ಎಳೆದುಕೊಂಡು, ಟಾರ್ಚು ಬಿಟ್ಟು ಬೆರಳ ಸಂದಿ ಸಂದಿ ನೋಡುತ್ತಾಳೆ. ಅಷ್ಟು ಹೊತ್ತೂ ಮುದ್ದಣ್ಣ ಮಹಾರಾಜನ ಗತ್ತಿನಲ್ಲಿ ಪೇಪರು ಓದುತ್ತಾನೆ.

ಮೊನ್ನೆ ಹಾಗೆ ನೋಡುವಾಗ ಹೆಬ್ಬೆರಳ ಪಕ್ಕದಲ್ಲಿ ಒಂದು ಮುಳ್ಳು ಕಂಡಿತು. ಚಿಮಟದಿಂದ ಎಳೆದಳು. ಅರ್ಧ ಇಂಚಿನ ಮುಳ್ಳು, ಹಿಂದೆಯೇ ಒಂದು ಹನಿ ರಕ್ತ. ತಲೆಯೆತ್ತಿದರೆ ಗಂಡ ಬೆರಳಿಗೆ ಎಂಜಲು ತಾಗಿಸಿ ಪುಟ ತಿರುಗಿಸುತ್ತಿದ್ದ.

ಅವಳಿಗೆ ಸಂಕಟ ತಡೆಯಲಾಗಲಿಲ್ಲ. ಹೆರಿಗೆಯಲ್ಲೂ ತೆರೆಯದ ಬಾಯಿ ತೆರೆದು, ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದಳು: "ಅಯ್ಯಯ್ಯೋ, ಸತ್ತೆ!"

ಪೇಪರು ಕೆಳಗೆ ಬಿತ್ತು. "ಎಂತ ಆಯಿತು ಮಾರಾಯ್ತಿ ನಿನಗೆ?"

"ನನಗಲ್ಲ, ನಿಮಗೆ," ಎಂದು ಕುಶಲಾ ಸೆರಗಿನಿಂದ ಕಣ್ಣೊರೆಸಿಕೊಂಡು, ಗಾಯಕ್ಕೆ ಮದ್ದು ಹಚ್ಚತೊಡಗಿದಳು.

ಆಚೆ ಮನೆಯಲ್ಲಿ ಗ್ಲ್ಯಾಡಿಸ್ ಬಾಯಿ ಟಿವಿಯ ಸದ್ದು ಏರಿಸಿದರು.